ಮದುವೆ ನಿಂತರೆ ಅಡ್ವಾನ್ಸ್ ಕೂಡ ಹೋಗಲೇಬೇಕಾ?

ನಮಸ್ಕಾರ. ಎರಡು ವರ್ಷದ ಹಿಂದೆ ನಮ್ಮ ಅಕ್ಕನ ಮಗಳ ಮದುವೆ ನಿಂತುಹೋಯಿತು. ನಿಶ್ಚಿತಾರ್ಥ ಆಗಿತ್ತು, ಲಗ್ನಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲ, ಮುಹೂರ್ತಕ್ಕೆ ನಾಲ್ಕು ತಿಂಗಳಿತ್ತು. ಯಾಕೆ ನಿಂತಿತು ಅನ್ನುವುದು ಅವಳ ವಿಷಯ, ಅದನ್ನು ಇಲ್ಲಿ ಹೇಳುವುದಿಲ್ಲ. ನಾನು ಹೇಳಬೇಕಾಗಿರುವುದು ದುಡ್ಡಿನ ವಿಷಯ.

ಛತ್ರಕ್ಕೆ ಒಂದೂವರೆ ಲಕ್ಷ, ಅಡುಗೆಯವರಿಗೆ 40 ಸಾವಿರ, ಹೂವಿನ ಅಲಂಕಾರಕ್ಕೆ 30 ಸಾವಿರ, ಫೋಟೋದವರಿಗೆ 25 ಸಾವಿರ. ಎಲ್ಲಾ ಭಾವ ಪಿಎಫ್‌ನಿಂದ ತೆಗೆದ ದುಡ್ಡು. ಅವರು ಛತ್ರದ ಆಫೀಸಿಗೆ ಒಂದೇ ಒಂದು ಸಲ ಫೋನ್ ಮಾಡಿದರು. "ಅಡ್ವಾನ್ಸ್ ವಾಪಸ್ ಇಲ್ಲ ಸರ್, ರಸೀದಿ ಹಿಂದೆ ಬರೆದಿದೆ ನೋಡಿ" ಅಂದರು. ಇವರು ಫೋನ್ ಇಟ್ಟುಬಿಟ್ಟರು. ಹೋಗಿ ಕೇಳೋಣ ಬನ್ನಿ ಭಾವ ಅಂದರೆ, "ಬಿಡಪ್ಪಾ, ಮಗಳ ಮದುವೆ ನಿಂತಿದೆ, ಅದರ ಮೇಲೆ ದುಡ್ಡಿಗೋಸ್ಕರ ಛತ್ರದವರ ಹತ್ತಿರ ಜಗಳಕ್ಕೆ ಹೋದ ಅಂತ ಜನ ಆಡಿಕೊಳ್ಳಬೇಕಾ?" ಅಂದರು.

ನನಗೆ ಸಿಟ್ಟು ಬರುವುದು ಇಲ್ಲೇ. ಎಷ್ಟೋ ಮನೆಗಳಲ್ಲಿ ದುಡ್ಡು ಹೋಗುವುದು ರಸೀದಿ ಹಿಂದೆ ಬರೆದ ಆ ಸಾಲಿನಿಂದ ಅಲ್ಲ. ತಂದೆ ತಾಯಿ ತಲೆ ತಗ್ಗಿಸಿಕೊಂಡು ಕೇಳದೇ ಇರುವುದರಿಂದ. ಕೇಳಿದರೆ ಮರ್ಯಾದೆ ಹೋಗುತ್ತೆ ಅಂತ ಅವರಿಗೆ ಹೆದರಿಕೆ, ಅದು ಎದುರಿನವರಿಗೆ ಚೆನ್ನಾಗಿ ಗೊತ್ತು.

ಕಾನೂನು ಏನು ಹೇಳುತ್ತೆ? 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ನೋಡಿ. ಒಪ್ಪಂದ ಮುರಿದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆದುಕೊಂಡಿದ್ದರೂ ಎದುರಿನವರಿಗೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ, ಅಷ್ಟೂ ಸಿಕ್ಕೇ ಸಿಗುತ್ತೆ ಅಂತ ಅರ್ಥ ಅಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಕೈಲಾಶ್ ನಾಥ್ ಅಸೋಸಿಯೇಟ್ಸ್ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ಸೈಟಿನ ಹರಾಜಿನಲ್ಲಿ 78 ಲಕ್ಷ ಮುಂಗಡ ಮುಟ್ಟುಗೋಲು ಹಾಕಿಕೊಂಡಿತ್ತು, ಆಮೇಲೆ ಅದೇ ಸೈಟನ್ನು ಮೊದಲ ಬೆಲೆಗಿಂತ ಎಷ್ಟೋ ಜಾಸ್ತಿಗೆ, 11 ಕೋಟಿಗೂ ಮೇಲೆ ಮಾರಿತು. ನಷ್ಟವೇ ಆಗದ ಮೇಲೆ ಪರಿಹಾರ ಯಾವುದಕ್ಕೆ ಅಂತ ಹೇಳಿ ಕೋರ್ಟ್ ಆ 78 ಲಕ್ಷವನ್ನು ಬಡ್ಡಿ ಸಮೇತ ವಾಪಸ್ ಕೊಡಿಸಿತು. ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ, ಅಲ್ಲಿ ಕೊಂಡವರದ್ದು ತಪ್ಪೇ ಇರಲಿಲ್ಲ, ನಮ್ಮ ಕಡೆ ರದ್ದು ಮಾಡಿದ್ದು ನಾವೇ. ಆದರೂ ನಷ್ಟ ಆಗಿದ್ದರೆ ಮಾತ್ರ ಪರಿಹಾರ ಅನ್ನುವ ಮಾತು ನಮಗೂ ಅನ್ವಯಿಸುತ್ತೆ.

ಈಗ ಛತ್ರಕ್ಕೆ ಬನ್ನಿ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಹಾಗಾಗಿ ಒಳ್ಳೆ ಮುಹೂರ್ತದ ದಿನ ಛತ್ರ ಸಿಗುವುದೇ ಕಷ್ಟ. ನಾಲ್ಕು ತಿಂಗಳು ಮೊದಲೇ ಬಿಟ್ಟುಕೊಟ್ಟ ದಿನ ಖಾಲಿ ಉಳಿಯುತ್ತಾ? ನಾನು ಆ ದಿನ ಬೆಳಿಗ್ಗೆ ಹೋಗಿ ಛತ್ರದ ಮುಂದೆ ನಿಂತೆ. ಬಾಗಿಲಿಗೆ ಬಾಳೆಕಂದು ಕಟ್ಟಿತ್ತು, ಒಳಗಿಂದ ವಾಲಗ ಕೇಳಿಸುತ್ತಿತ್ತು, ಕಮಾನಿನ ಮೇಲೆ ಹೂವಿನಲ್ಲಿ ಬೇರೆ ಹುಡುಗ ಹುಡುಗಿಯ ಹೆಸರು. ಹೊಟ್ಟೆ ಉರಿದುಹೋಯಿತು, ಸುಳ್ಳು ಹೇಳುವುದಿಲ್ಲ. ಆ ಬೋರ್ಡಿನ ಫೋಟೋ ತೆಗೆದುಕೊಂಡು ಬಂದೆ.

ಆಮೇಲೆ ಒಂದು ನೋಟಿಸ್. ನಾವು ಯಾವ ತಾರೀಖು ರದ್ದು ಮಾಡಿದೆವು, ಎಷ್ಟು ಕೊಟ್ಟಿದ್ದೆವು, ಆ ದಿನ ಬೇರೆಯವರಿಗೆ ಛತ್ರ ಕೊಟ್ಟಿದ್ದೀರಿ, ಹಾಗಾದರೆ ನಿಮಗೆ ಆದ ನಷ್ಟ ಎಷ್ಟು ಲೆಕ್ಕ ಕೊಡಿ. ಇಷ್ಟೇ. ಜೊತೆಗೆ ಫೋಟೋ. ರದ್ದು ಮಾಡಿದ ದಿನವೇ ನಾನು ಭಾವನ ಫೋನಿನಿಂದ ವಾಟ್ಸಾಪ್‌ನಲ್ಲಿ ಬರೆದು ಹಾಕಿದ್ದೆ, ಸ್ಪೀಡ್ ಪೋಸ್ಟ್ ಕೂಡ ಮಾಡಿದ್ದೆ, ಅದು ಇಲ್ಲಿ ಕೆಲಸಕ್ಕೆ ಬಂತು. ಬರೀ ಫೋನಿನಲ್ಲಿ ಹೇಳಿ ಸುಮ್ನೆ ಕೂತಿದ್ದರೆ "ನಮಗೆ ಹೇಳಿದ್ದೇ ಹಿಂದಿನ ವಾರ" ಅಂದುಬಿಡಬಹುದಿತ್ತು ಅವರು. ಮೂರು ವಾರಕ್ಕೆ 1 ಲಕ್ಷ 20 ಸಾವಿರ ವಾಪಸ್ ಬಂತು. ಉಳಿದ 30 ಸಾವಿರ ಖರ್ಚು ಅಂದರು. ನಾನಾಗಿದ್ದರೆ ಅದನ್ನೂ ಬಿಡುತ್ತಿರಲಿಲ್ಲ, ಆದರೆ ಭಾವ ಸಾಕು ಅಂದರು.

ಅಡುಗೆಯವರ ವಿಷಯ ಬೇರೆ. ಅವರು ನಮ್ಮ ದಿನಕ್ಕೆ ಅಂತ ಇನ್ನೊಂದು ಮದುವೆ ಬಿಟ್ಟಿದ್ದರು, ಬಡಿಸುವ ಹುಡುಗರಿಗೆ ಆಗಲೇ ದುಡ್ಡು ಕೊಟ್ಟಿದ್ದರು. ಮನೆಗೆ ಹೋಗಿ ಕೂತು ಮಾತಾಡಿದೆವು. ಅರ್ಧ ಕೊಟ್ಟರು, ನಾವು ಒಪ್ಪಿದೆವು. ನಿಜವಾಗಿ ಕೈಯಿಂದ ದುಡ್ಡು ಹೋದವರ ಹತ್ತಿರ ಪೂರ್ತಿ ಕೇಳುವುದು ನ್ಯಾಯ ಅಲ್ಲ, ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಫೋಟೋದವರು ನಿಶ್ಚಿತಾರ್ಥಕ್ಕೆ ಬಂದಿದ್ದರು, ಅದಕ್ಕೆ ವಜಾ ಆಯಿತು. ಹೂವಿನವರು ಕೇಳಿದ ತಕ್ಷಣ ಕೊಟ್ಟರು.

ಯಾರೂ ಬಗ್ಗದಿದ್ದರೆ? ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ಇರುವ ಊರಿನಲ್ಲೇ ದೂರು ಹಾಕಬಹುದು, ಛತ್ರ ಬೇರೆ ಜಿಲ್ಲೆಯಲ್ಲಿದ್ದರೂ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಒಂದು ಸೂಕ್ಷ್ಮ ಇದೆ: ರಸೀದಿಯ ಷರತ್ತೇ ಅನ್ಯಾಯ ಅಂತ ಹೇಳುವ ದೂರಾದರೆ ಅದು ರಾಜ್ಯ ಆಯೋಗಕ್ಕೆ ಹೋಗಬೇಕು. ಹಾಗಾಗಿ ದೂರಿನಲ್ಲಿ ಏನು ಬರೆಯುತ್ತಿದ್ದೀರಿ ಅಂತ ತಿಳಿದವರಿಗೆ ಒಮ್ಮೆ ತೋರಿಸಿ.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹೀಗಾಗಿದ್ದರೆ, ಹುಡುಗಿಯ ಅಪ್ಪ ಅಮ್ಮನನ್ನು ಈ ಕೆಲಸಕ್ಕೆ ಕಳಿಸಬೇಡಿ. ಅವರ ಕೈಲಿ ಆಗುವುದಿಲ್ಲ. ತಮ್ಮನೋ ಚಿಕ್ಕಪ್ಪನೋ ಗೆಳತಿಯೋ ಯಾರಾದರೂ ಒಬ್ಬರು ರಸೀದಿಗಳನ್ನೆಲ್ಲ ಇಸ್ಕೊಂಡು ಹೊರಡಿ. ದೂರಿಗೆ ಇರುವುದು ಎರಡು ವರ್ಷ. ನೀವು ರದ್ದು ಮಾಡಿದ ತಾರೀಖು ಇವತ್ತೇ ನೋಡಿ.