ಕಿನಬಾಲು: ಬೆಟ್ಟ ಮತ್ತು ಅದರ ಹೂಜಿಗಳು

ಕೇಳುಗರಿಗೆ ನಮಸ್ಕಾರ.

ಬೋರ್ನಿಯೋ ಅಂದ ಕೂಡಲೇ ಒರಾಂಗುಟಾನ್, ದಟ್ಟ ಕಾಡು, ಬೆವರು ನೆನಪಾಗುತ್ತವೆ, ಅಲ್ವಾ? ಅದೇ ದ್ವೀಪದಲ್ಲಿ, ಸಮಭಾಜಕ ವೃತ್ತದಿಂದ ಬರೀ 6 ಡಿಗ್ರಿ ಉತ್ತರಕ್ಕೆ, ಬೆಳಗಿನ ಜಾವ ಸ್ವೆಟರ್ ಇಲ್ಲದಿದ್ದರೆ ಹಲ್ಲು ಕಟಕಟ ಅನ್ನುವ ಜಾಗವೊಂದಿದೆ. ಮಲೇಷ್ಯಾದ ಸಬಾ ರಾಜ್ಯದ ಕಿನಬಾಲು ಬೆಟ್ಟ. ಎತ್ತರ 4,095 ಮೀಟರ್.

ಒಂಟಿಯಾಗಿ ಎದ್ದು ನಿಂತಿರುವುದನ್ನು ನೋಡಿದರೆ ಜ್ವಾಲಾಮುಖಿ ಅನ್ನಿಸಬಹುದು. ಅಲ್ಲ. ಎಪ್ಪತ್ತು ಎಂಬತ್ತು ಲಕ್ಷ ವರ್ಷದ ಹಿಂದೆ ಕರಗಿದ ಕಲ್ಲು ನೆಲದಡಿಯಲ್ಲೇ ತಣ್ಣಗಾಗಿ ಗ್ರಾನೈಟ್ ಆಯಿತು. ಆಮೇಲೆ ಮೇಲಿನ ಪದರ ಸವೆದು ಹೋಯಿತು, ಗ್ರಾನೈಟ್ ಎದ್ದು ಬಂತು. ಬೆಟ್ಟಗಳ ಲೆಕ್ಕದಲ್ಲಿ ಇದು ಕೂಸು. ಹಿಮಯುಗದಲ್ಲಿ ಇದರ ನೆತ್ತಿಯ ಮೇಲೆ ಹಿಮನದಿ ಇತ್ತು. ಅದು ಜಾರುತ್ತಾ ಉಜ್ಜಿದ ನುಣುಪು ಬಂಡೆಯ ಮೇಲೇ ಚಾರಣಿಗರು ಈಗ ಹಗ್ಗ ಹಿಡಿದು ಹತ್ತುತ್ತಾರೆ.

ಇಲ್ಲಿನ ಮೂಲನಿವಾಸಿಗಳಾದ ಕಡಜಾನ್-ದುಸುನ್ ಜನರಿಗೆ ಇದು ಸತ್ತವರ ಆತ್ಮಗಳು ನೆಲೆಸುವ ಬೆಟ್ಟ. 1851ರಲ್ಲಿ ಇದನ್ನು ಹತ್ತಿದ ಬ್ರಿಟಿಷ್ ಅಧಿಕಾರಿ ಹ್ಯೂ ಲೋ ಶಿಖರದ ತುದಿ ಮುಟ್ಟಲೇ ಇಲ್ಲ. ರೆಕ್ಕೆ ಇರುವವರಿಗೆ ಮಾತ್ರ ಸಾಧ್ಯ ಅಂತ ಬರೆದು ಇಳಿದ. ತುದಿ ಮುಟ್ಟಿದ್ದು 1888ರಲ್ಲಿ, ಜಾನ್ ವೈಟ್‌ಹೆಡ್ ಎಂಬ ಪ್ರಾಣಿಶಾಸ್ತ್ರಜ್ಞ. ತಮಾಷೆ ನೋಡಿ, ಶಿಖರಕ್ಕೆ ಇವತ್ತಿಗೂ ಲೋ ಅವರದ್ದೇ ಹೆಸರು!

ನನ್ನನ್ನು ಕೇಳಿದರೆ ಈ ಬೆಟ್ಟದ ಸ್ವಾರಸ್ಯ ತುದಿಯಲ್ಲಿಲ್ಲ, ನಡುವಿನ ಕಾಡಿನಲ್ಲಿದೆ. ಅಲ್ಲಿ ನೆಪೆಂಥಿಸ್ ರಾಜಾ ಅನ್ನುವ ಹೂಜಿ ಗಿಡ ಬೆಳೆಯುತ್ತದೆ. ಎಲೆಯ ತುದಿ ಇಳಿದು, ನೆಲಕ್ಕೆ ಒರಗಿ, ಕೆನ್ನೀಲಿ ಕೆಂಪಿನ ಹೂಜಿಯಾಗುತ್ತದೆ. ದೊಡ್ಡದಾದರೆ ಎರಡು ಲೀಟರಿಗೂ ಜಾಸ್ತಿ ನೀರು ಹಿಡಿಯುತ್ತದೆ. 1858ರಲ್ಲಿ ಒಂದು ಹೂಜಿಯೊಳಗೆ ಮುಳುಗಿ ಸತ್ತ ಇಲಿ ಸಿಕ್ಕಿತ್ತು. ಇಲಿ ತಿನ್ನುವ ಗಿಡ ಅಂತ ಸುದ್ದಿಯಾಯಿತು.

ನಿಜವಾದ ವ್ಯವಹಾರ ಬೇರೆ. ಹೂಜಿಯ ಮುಚ್ಚಳದ ಒಳಮೈಯಲ್ಲಿ ಸಿಹಿ ಜಿನುಗುತ್ತದೆ. ಹಗಲಲ್ಲಿ ಅಳಿಲಿನಂಥ ಟ್ರೀ ಶ್ರೂ ಬಂದು ಹೂಜಿಯ ಅಂಚಿನ ಮೇಲೆ ಕಾಲೂರಿ, ಕತ್ತು ಚಾಚಿ ನೆಕ್ಕುತ್ತದೆ. ಅಂಚಿನಿಂದ ಆ ಸಿಹಿಗೆ ಇರುವ ದೂರ ಸರಿಯಾಗಿ ಅದರ ಮೈಯುದ್ದ. ಹಾಗಾಗಿ ಹಿಂಭಾಗ ಹೂಜಿಯ ಬಾಯಿಗೇ ಬರುತ್ತದೆ. ನೆಕ್ಕುತ್ತಾ ನೆಕ್ಕುತ್ತಾ ಅಲ್ಲೇ ಹಿಕ್ಕೆ ಹಾಕಿ ಹೋಗುತ್ತದೆ. ರಾತ್ರಿ ಪಾಳಿಗೆ ಇಲಿ ಬರುತ್ತದೆ. ಸಾರಜನಕ ಸಿಗದ ಬಡ ಮಣ್ಣಿನಲ್ಲಿ ಗಿಡಕ್ಕೆ ಆ ಹಿಕ್ಕೆಯೇ ಗೊಬ್ಬರ. ಸುಮ್ನೆ ಇಲಿ ತಿನ್ನುವುದಕ್ಕಿಂತ ಇದು ಲಾಭದ ಬೇಸಾಯ!

ಈ ಗಿಡಗಳಿರುವ ಮೆಸಿಲಾವು ಕಡೆಯ ಚಾರಣ ಹಾದಿ 2015ರ ಜೂನ್ 5ರ ಭೂಕಂಪಕ್ಕೆ ಹಾಳಾಯಿತು. ಅವತ್ತು ಬೆಟ್ಟದ ಮೇಲೆ 18 ಜನ ತೀರಿಕೊಂಡರು.

ಇನ್ನೊಂದು ಜೀವಿಯ ಬಗ್ಗೆ ಹೇಳಿಬಿಡುತ್ತೇನೆ. ಮಳೆ ಜೋರಾದಾಗ ಕಾಡಿನ ಹಾದಿಗೆ ಕಿತ್ತಳೆ-ಕೆಂಪು ಬಣ್ಣದ, ಒಂದು ಅಡಿ ಉದ್ದದ ಜಿಗಣೆ ಬರುತ್ತದೆ. ಮಲೆನಾಡಿನ ಇಂಬಳ ಕಂಡವರು ಹೌಹಾರಬೇಕಿಲ್ಲ, ಅದು ರಕ್ತ ಹೀರುವುದಿಲ್ಲ. ತನಗಿಂತ ಉದ್ದದ ಎರೆಹುಳವನ್ನು ತುದಿಯಿಂದ ಹಿಡಿದು, ಮಕ್ಕಳು ಶಾವಿಗೆ ಸೊರ್ರನೆ ಎಳೆದುಕೊಳ್ಳುವ ಹಾಗೆ ನುಂಗುತ್ತದೆ. ನಮ್ಮ ಕಾಲು ಅದಕ್ಕೆ ಬೇಡವೇ ಬೇಡ.

ನಮಸ್ಕಾರ.