ಮಳೇಲಿ ಹೋಗಿ ಅಂದ್ರೆ ಮಳೇಲೇ ಹೋಗಿ

ನಮಸ್ಕಾರ ಮಾರಾಯ್ರೇ. ಹೋದ ವಿಡಿಯೋದ ಕೆಳಗೆ ಒಬ್ರು ಬರೆದಿದ್ದಾರೆ: "ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ ನೋಡಿದೆ. ಹತ್ತೇ ನಿಮಿಷ. ಎಂತದೂ ಇಲ್ಲ." ಯಾವಾಗ ಹೋಗಿದ್ರಿ ಕೇಳಿದೆ. ಏಪ್ರಿಲ್, ಮಟಮಟ ಮಧ್ಯಾಹ್ನ! ಅಂಗಾಲು ಸುಡ್ತಾ ಇರುವಾಗ ಕಣ್ಣಿಗೆ ಎಂತ ಕಾಣ್ತದೆ?

ಮಳೇಲಿ ಹೋಗಿ.

16ನೇ ಶತಮಾನದ ಪುಟ್ಟ ಗುಡಿ ಅದು. ಹೆದ್ದಾರಿ 66 ಬಿಟ್ಟು ಮೂಡಭಟ್ಕಳದ ಒಳಗೆ ತಿರುಗಬೇಕು. ಬಯಲುಸೀಮೆಯ ಹಾಗೆ ಚಪ್ಪಟೆ ಮಾಡು ಹಾಕಿದ್ರೆ, ವರ್ಷಕ್ಕೆ 3000 ಮಿಲಿಮೀಟರ್ ದಾಟುವ ನಮ್ಮ ಮಳೆ ಸುಮ್ನೆ ಬಿಡ್ತದಾ? ಅದಕ್ಕೇ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ, ಅಜ್ಜನ ಮನೆ ಸೋಗೆ ಮಾಡಿನ ಹಾಗೆ. ಸುತ್ತ ಪಟ್ಟಿಪಟ್ಟಿಯಾಗಿ ಕಲ್ಲಿನ ತಡಿಕೆ. ಮರದ ರೀಪು ಹೊಡೆದ ಹಾಗೇ ಕಾಣ್ತದೆ, ಮುಟ್ಟಿದ್ರೆ ಕಲ್ಲು! ಇರಚಲು ತಡೀಬೇಕು, ಗಾಳಿ ಬೆಳಕು ಬರಬೇಕು. ಬಡಗಿ ಕೆಲಸವನ್ನ ಕಲ್ಕುಟಿಗ ಮಾಡಿಟ್ಟಿದ್ದಾನೆ. ಬಿಸಿಲಲ್ಲಿ ಹೋದ್ರೆ ಅದು ಬರೀ ಮಾಡು. ಮಳೇಲಿ ಹೋದ್ರೆ ಆ ಮಾಡು ಕೆಲಸ ಮಾಡೋದು ಕಾಣ್ತದೆ.

ಇನ್ನೊಬ್ರು: "ಹತ್ರದಲ್ಲೇ ಮುರುಡೇಶ್ವರ ಇದೆಯಲ್ಲ ಸರ್, 123 ಅಡಿ ಶಿವ, 20 ಅಂತಸ್ತಿನ ಗೋಪುರ, ಲಿಫ್ಟೂ ಇದೆ." ಲಿಫ್ಟ್ ನೋಡ್ಲಿಕ್ಕೆ ಘಟ್ಟ ಇಳೀಬೇಕಾ? ಹುಬ್ಬಳ್ಳಿಲಿ ಬೇಕಾದಷ್ಟಿದೆ.

"ಮಳೇಲಿ ಜಾರ್ತದೆ." ಜಾರ್ಲಿ! ನಿಧಾನ ನಡೀರಿ. ನಿಧಾನ ನಡೆದ್ರೇ ಗೋಡೆ ಮೇಲಿನ ರಾಮಾಯಣದ ಕೆತ್ತನೆ ಕಾಣೋದು. ಒದ್ದೆ ಕಲ್ಲಲ್ಲಿ ಗೆರೆ ಎದ್ದು ಬರ್ತದೆ.

"ಶಿರಸಿಯಿಂದ ಕುಮಟಾಕ್ಕೆ ಇಳಿಯೋ ದೇವಿಮನೆ ಘಾಟಿ ಬಂದಾದ್ರೆ?" ಸಿದ್ದಾಪುರದ ಮೇಲೆ ಹೊನ್ನಾವರಕ್ಕೆ ಸುತ್ತಿ ಬನ್ನಿ. ಗೇರುಸೊಪ್ಪೆನೂ ನೋಡಿದ ಹಾಗಾಯ್ತು. ಮಳೇಲಿ.

ಹಾಂ, ನೆನಪಾಯ್ತು. ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಹನ್ನೆರಡು ಬಾಟಲಿ ಉಳಿದಿದೆ, ನಂಬರ್ ಕೆಳಗೆ ಹಾಕಿದ್ದೇನೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮಾಡದವ್ರಿಗೆ ಉಪ್ಪಿನಕಾಯಿ ಇಲ್ಲ.

ಎಲ್ಲಿದ್ದೆ? ಮಳೆ. "ಕೊಡೆ ಹಿಡ್ಕೊಂಡು ಫೋಟೋ ಹ್ಯಾಗೆ ತೆಗೀಲಿ" ಅಂತ ಒಬ್ಬ ಕೇಳಿದ್ದಾನೆ. ತೆಗೀಬೇಡ! ಜೂನ್ ಬರ್ಲಿ, ಕೊಡೆನೂ ಮನೇಲೇ ಬಿಡು. ಯಾಕೆ ಅಂದ್ರೆ... ಯಾಕೆ ಎಂತಕ್ಕೆ ಮಾರಾಯ? ನಾ ಹೇಳ್ತಿದ್ದೇನಲ್ಲ, ಹೋಗು.