ಮೀಟರ್ ಹಿಡಿಯುವ ಕೈಗೆ ಕೆಲಸ ಇದೆ

ಕೇಳುಗರಿಗೆ ನಮಸ್ಕಾರ. ಇವತ್ತು ನನ್ನ ಮಾತು ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಹುಡುಗರಿಗೆ. ಹುಡುಗರು ಅಂದೆ, ನಲವತ್ತು ದಾಟಿದವರೂ ಇದ್ದೀರಿ, ಇರಲಿ.

ಗಿರಾಕಿ ಬರುತ್ತಿಲ್ಲ ಅಂತ ಎಲ್ಲರದೂ ಒಂದೇ ದೂರು. ನಿಜಾನೇ. ಮೊದಲು ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಹಾಕಿದರೆ ಸಾಕು, ಕಂಪ್ಯೂಟರ್ ಎದ್ದು ಕೂರುತ್ತಿತ್ತು, ಕೈಗೆ ಇನ್ನೂರು ರೂಪಾಯಿ ಬರುತ್ತಿತ್ತು. ಈಗ ತೆಳ್ಳನೆಯ ಲ್ಯಾಪ್‌ಟಾಪ್ ಬಿಚ್ಚಿದರೆ ಎಷ್ಟೋ ಕಡೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ ಕೆಲಸ ಸಿಗುತ್ತದೆ ಅಂತ ಕಾದವರಿದ್ದರು. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲದ ಹಳೇ ಮಷಿನ್‌ಗೆ ವಿಂಡೋಸ್ 11 ಒಗ್ಗಲಿಲ್ಲ, ಜನ ಹೊಸದನ್ನೇ ಕೊಂಡರು.

ಹೋದರೆ ಹೋಗಲಿ. ಕೆಟ್ಟಿದ್ದು ಎಲ್ಲಿ ಅಂತ ಹುಡುಕುವುದೇ ನಿಮ್ಮ ಕಸುಬು. ಮಷಿನ್ ಯಾವುದಾದರೇನು?

ಬೆಳಗಾವಿಯ ಖಡೇಬಜಾರ್‌ನಲ್ಲಿ ಅಂಗಡಿ ಇಟ್ಟಿದ್ದ ನನ್ನ ಹಳೇ ವಿದ್ಯಾರ್ಥಿಯೊಬ್ಬ ಉದ್ಯಮಬಾಗ್‌ನ ವರ್ಕ್‌ಶಾಪ್ ಒಂದಕ್ಕೆ ಕ್ಯಾಮೆರಾ ಕೂರಿಸಲು ಹೋಗಿದ್ದ. ಅಲ್ಲಿ ಸಿಎನ್‌ಸಿ ಮಷಿನ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ಯಂತ್ರ, ಕೆಟ್ಟು ನಿಂತಿತ್ತು. ಟೂಲ್ ಬದಲಿಸಲು ಹೋದ ಕೂಡಲೇ ಸ್ಕ್ರೀನ್ ಆರಿ ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಮಾಲೀಕರು "ಪುಣೆಯಿಂದ ಇಂಜಿನಿಯರ್ ಬರಬೇಕಪ್ಪ, ಸೋಮವಾರ ಅಂತೆ, ನೀ ಕ್ಯಾಮೆರಾ ನೋಡು" ಅಂದರಂತೆ. ಇವನು ಬಿಡಬೇಕಲ್ಲ! ಪ್ಯಾನಲ್ ಬಾಗಿಲು ತೆಗೆಸಿ, ಮಷಿನ್‌ಗೆ ಡಿಸಿ ಕರೆಂಟ್ ಕೊಡುವ ಎಸ್‌ಎಂಪಿಎಸ್ ಔಟ್‌ಪುಟ್‌ಗೆ ಮೀಟರ್ ಹಿಡಿದ. 24 ವೋಲ್ಟ್, ಸರಿಯಾಗಿದೆ. ಅವರ ಎಲೆಕ್ಟ್ರಿಷಿಯನ್ ಅಷ್ಟು ನೋಡಿ ಕೈ ಬಿಟ್ಟಿದ್ದ. ಇವನು ಮೀಟರ್ ತೆಗೆಯದೆ "ಈಗ ಟೂಲ್ ತಿರುಗಿಸ್ರಿ ಅಣ್ಣ" ಅಂದ. 24 ಇದ್ದದ್ದು ಸರ್ರನೆ 18ಕ್ಕೆ ಇಳಿಯಿತು. ಎಸ್‌ಎಂಪಿಎಸ್ ಬಿಚ್ಚಿದರೆ ಒಳಗೆ ವಿದ್ಯುತ್ ಹಿಡಿದಿಡುವ ಎರಡು ಕೆಪಾಸಿಟರ್ ಪೂರಿಯ ಹಾಗೆ ಉಬ್ಬಿದ್ದವು. ಮದರ್‌ಬೋರ್ಡಿನಲ್ಲಿ ಇಂಥವನ್ನು ಅವನು ಎಷ್ಟು ಬದಲಿಸಿದ್ದನೋ! ಹೊಸ ಎಸ್‌ಎಂಪಿಎಸ್ ತರಿಸಿ ಹಾಕಿದ, ಸಂಜೆಗೆ ಮಷಿನ್ ಓಡಿತು. ಈಗ ಅಕ್ಕಪಕ್ಕದ ವರ್ಕ್‌ಶಾಪಿನವರೂ ಅವನನ್ನೇ ಕರೆಯುತ್ತಾರೆ. ಅವನಿಗೆ ಸಿಎನ್‌ಸಿ ಗೊತ್ತಿತ್ತಾ? ಇಲ್ಲ ರೀ. ಲೋಡ್ ಬಿದ್ದಾಗ, ಅಂದರೆ ಮಷಿನ್ ಕೆಲಸ ಮಾಡುವಾಗ, ವೋಲ್ಟೇಜ್ ನೋಡಬೇಕು ಅನ್ನುವುದು ಗೊತ್ತಿತ್ತು. ಕೆಟ್ಟಿದ್ದು ಹುಡುಕುವುದು, ಅಷ್ಟೇ.

ಈ ಕಥೆಗೇ ಅರ್ಧ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಮುಧೋಳ, ಜಮಖಂಡಿ ಕಡೆಯವರು ಸಕ್ಕರೆ ಕಾರ್ಖಾನೆಯಲ್ಲಿ ಅಳತೆ-ನಿಯಂತ್ರಣದ ಉಪಕರಣ ನೋಡಿಕೊಳ್ಳುವ ಇನ್‌ಸ್ಟ್ರುಮೆಂಟೇಶನ್ ವಿಭಾಗ ನೋಡಿ. ಸೆನ್ಸರ್, ಮಷಿನ್ ನಡೆಸುವ ಪುಟ್ಟ ಕಂಪ್ಯೂಟರ್ ಆದ ಪಿಎಲ್‌ಸಿ, ಕೇಬಲ್, ಎಲ್ಲಾ ನಿಮ್ಮ ಕೈಗೆ ಬರುವಂಥದ್ದೇ. ಆದರೆ ಕಬ್ಬು ಅರೆಯುವ ಹಂಗಾಮಿನಲ್ಲಿ ಹೋದರೆ ನಿಮ್ಮನ್ನು ಮಾತಾಡಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ, ಮಳೆಗಾಲದಲ್ಲಿ ರಿಪೇರಿ ನಡೆಯುವಾಗ ಹೋಗಿ. ವಿಜಯಪುರದವರಿಗೆ ಸೋಲಾರ್ ಇದೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಕೂರಿಸುವವರು ಬೇಕಾದಷ್ಟು ಜನ ಇದ್ದಾರೆ, ಇನ್ವರ್ಟರ್ ಕೆಟ್ಟರೆ ನೋಡುವವರು?

"ಈ ವಯಸ್ಸಲ್ಲಿ ಏನು ಕಲಿಯೋದು ಸರ್" ಅನ್ನಬೇಡಿ, ಕೇಳಿ ಕೇಳಿ ಸಾಕಾಗಿದೆ. ಬೆಳಗಾವಿಯ ಜಿಟಿಟಿಸಿಗೆ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರಕ್ಕೆ, ಹೋಗಿ ಕಡಿಮೆ ಅವಧಿಯ ಕೋರ್ಸ್ ಯಾವುದಿದೆ ಅಂತ ವಿಚಾರಿಸಿ.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತು. ಒಂದು ಎಚ್ಚರಿಕೆ ಮಾತ್ರ. ಕಂಪ್ಯೂಟರಿನ 12 ವೋಲ್ಟ್ ಮುಟ್ಟಿದ ಧೈರ್ಯದಲ್ಲಿ ಸೋಲಾರ್ ತಂತಿಗೆ ಕೈ ಹಾಕಬೇಡಿ. ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನಲ್ ಕಡೆ ನೂರಾರು ವೋಲ್ಟ್ ಡಿಸಿ ಇರಬಹುದು. ಪಳಗಿದವರ ಜೊತೆ ಮೊದಲು ನಾಲ್ಕು ಮಾಳಿಗೆ ಹತ್ತಿ ಬನ್ನಿ. ನಮಸ್ಕಾರ.